ಗೇಣು ದೂರ

ಕನ್ನಡಕದ ಕಡ್ಡಿಯನ್ನು ಇನ್ನೊಬ್ಬರ ಕಿವಿಯ ಹಿಂದೆ ಕೂರಿಸುವಾಗ ಉಸಿರು ಬಿಡಬಾರದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ತಾನಾಗಿ ಕಲಿತ ವಿದ್ಯೆ. ಎದುರಿಗೆ ಕೂತವರ ಮುಖ ಗೇಣು ದೂರಕ್ಕೆ ಬರುತ್ತಿದ್ದ ಹಾಗೆ ಅವನ ಎದೆ ತನ್ನಷ್ಟಕ್ಕೆ ನಿಂತುಬಿಡುತ್ತಿತ್ತು. ಎರಡೂ ಕಡ್ಡಿ ಸರಿಯಾಗಿ ಕೂತು, ಮೂಗಿನ ಮೇಲಿನ ಭಾರ ಎರಡು ಕಡೆಗೂ ಸಮನಾಗಿ, ‘ಈಗ ನೋಡಿ’ ಎನ್ನುವ ನೆಪದಲ್ಲಿ ಅವನು ಒಂದು ಹೆಜ್ಜೆ ಹಿಂದೆ ಸರಿದು ಪಕ್ಕಕ್ಕೆ ತಿರುಗಿದ ಮೇಲೆಯೇ ಒಳಗಿನ ಗಾಳಿಗೆ ಬಿಡುಗಡೆ. ಗಿರಾಕಿಗಳು ಇದನ್ನು ಕೆಲಸದ ಮೇಲಿನ ಶ್ರದ್ಧೆ ಎಂದುಕೊಂಡಿದ್ದರು. ‘ಎಷ್ಟು ಗಮನ ಕೊಟ್ಟು ಮಾಡ್ತಾರೆ ನೋಡಿ, ಉಸಿರು ಸಹ ಬಿಡಲ್ಲ’ ಎಂದು ಒಬ್ಬ ಮುದುಕರು ಮಾಲೀಕನ ಎದುರಿಗೇ ಹೊಗಳಿದ್ದರು. ಹೊಗಳಿಸಿಕೊಂಡವನಿಗೆ ವಾರವಿಡೀ ಮುಜುಗರ. ಯಾಕೆಂದರೆ ಈ ವಿದ್ಯೆ ಶುರುವಾದದ್ದು ಎಲ್ಲಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷದ ಹಿಂದೆ, ಎತ್ತರದ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಒಂದು ಪುಟ್ಟ ಹುಡುಗಿ, ಮೊದಲ ಕನ್ನಡಕ ಹಾಕಿಸಿಕೊಳ್ಳುತ್ತ, ಅಂಗಡಿಗೆಲ್ಲ ಕೇಳುವ ಹಾಗೆ ‘ಅಮ್ಮಾ, ಅಂಕಲ್ ಬಾಯಿ ವಾಸನೆ’ ಎಂದಿತ್ತು. ತಾಯಿ ಮಗುವಿನ ತೊಡೆ ಚಿವುಟಿದ್ದಳು. ಮಗು ಅತ್ತಿತ್ತು. ನಿಜ ಹೇಳಿದ್ದಕ್ಕೆ ಆ ಮಗು ಅತ್ತಿತಲ್ಲ ಎಂಬುದು ಅವನಿಗೆ ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ಆ ಬೆಳಿಗ್ಗೆ ಮಾತ್ರ ವಿದ್ಯೆ ಕೈಕೊಟ್ಟಿತು. ಹಿಂದಿನ ದಿನದಿಂದಲೇ ಗಂಟಲು ಮತ್ತೆ ಊದಿತ್ತು. ಉಗುಳು ನುಂಗಿದರೆ ಕಿವಿಯವರೆಗೂ ಎಳೆಯುತ್ತಿತ್ತು, ಮೂಗು ಕಟ್ಟಿತ್ತು, ಸಣ್ಣಗೆ ಜ್ವರವೂ ಇತ್ತು. ಬಂದವರು ಒಬ್ಬ ಹೆಡ್‌ಮಿಸ್. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಮಾಡಿಸಿಕೊಂಡಿದ್ದರು. ಅಂಥ ಗಾಜನ್ನು ಸುಮ್ಮನೆ ಮುಖಕ್ಕೆ ಏರಿಸಿ ಕಳಿಸುವ ಹಾಗಿಲ್ಲ. ಕಣ್ಣಿನ ಪಾಪೆ ಎಲ್ಲಿ ಬರುತ್ತದೆಂದು ಗುರುತು ನೋಡಬೇಕು. ಕೆಳಗೆ ನೋಡಿ, ಈಗ ಮೇಲೆ ನೋಡಿ, ತಲೆ ಎತ್ತದೆ ಬರೀ ಕಣ್ಣು ಎತ್ತಿ ಎಂದು ಹೇಳುತ್ತಲೇ ಇರಬೇಕು. ಹೇಳಬೇಕೆಂದರೆ ಉಸಿರು ಬೇಕು. ಮೂಗು ಕಟ್ಟಿದವನು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಾನು? ‘ಮೇಲೆ ನೋಡಿ ಮೇಡಂ’ ಎಂದ ಗಳಿಗೆಯಲ್ಲಿ ಅವರ ಕಣ್ಣಿನ ಅಂಚು ಸಣ್ಣಗೆ ಕುಗ್ಗಿದ್ದನ್ನು ಅವನು ಕಂಡ. ಇನ್ನೊಬ್ಬರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡುವುದೇ ಅವನ ಹೊಟ್ಟೆಪಾಡು, ಕಾಣದೆ ಇರುತ್ತದೆಯೇ? ಹೆಡ್‌ಮಿಸ್ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ‘ಧೂಳಂದ್ರೆ ನನಗೆ ಆಗಲ್ಲ’ ಎಂದರು. ಪ್ರತಿ ಬೆಳಿಗ್ಗೆ ಅಂಗಡಿಯ ಒಂದೊಂದು ಗಾಜನ್ನೂ ತಾನೇ ಒರೆಸುವ ಮನುಷ್ಯ ‘ಹೌದು ಮೇಡಂ, ಬೀದೀಲಿ ಧೂಳು ಜಾಸ್ತಿ’ ಎಂದ. ಇಬ್ಬರೂ ಸೇರಿ ಪಾಪದ ಬೀದಿಯ ಮೇಲೆ ಗೂಬೆ ಕೂರಿಸಿದರು. ಕನ್ನಡಕದ ಅಂಗಡಿಯ ದೊಡ್ಡ ತೊಂದರೆಯೆಂದರೆ ಕನ್ನಡಿಗಳು. ಒಂದು ಅವಮಾನ ನಡೆದರೆ ಅದು ಎಂಟು ಕಡೆಯಿಂದ ಕಾಣುತ್ತದೆ. ಅವನು ತಲೆ ಎತ್ತಿದಾಗ ಎದುರಿನ ಕನ್ನಡಿಯಲ್ಲಿ ಮಾಲೀಕ ಗಲ್ಲಾದ ಹಿಂದಿನಿಂದ ಎಲ್ಲವನ್ನೂ ನೋಡಿದ್ದವನು, ನೋಡದವನ ಹಾಗೆ, ಒಂದು ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಮುಚ್ಚುತ್ತಿದ್ದ.

ಮಾಲೀಕ ಒಳ್ಳೆಯ ಮನುಷ್ಯ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಮುಗಿಸುತ್ತಿದ್ದ. ಇವನು ಊಟದ ಹೊತ್ತಿನವರೆಗೆ ಕಾದು, ಹತ್ತಿರ ಬಂದು, ಹತ್ತಿರವೆಂದರೆ ಕೈಯಳತೆಗೆ ಆಚೆಯೇ ನಿಂತು, ನೆಲ ನೋಡುತ್ತ ಮಾತು ತೆಗೆದ.

“ಸ್ವಲ್ಪ ದಿನ ಹಿಂದಿನ ಕೋಣೇಲಿ ಗಾಜು ಉಜ್ಜೋ ಕೆಲಸ ನೋಡ್ಕೊಳ್ತೀರಾ? ನಿಮ್ಮ ಕೈ ಬಿದ್ರೆ ಅಲ್ಲಿ ಕೆಲಸ ಹೂವಿನ ಹಾಗೆ ನಡೆಯುತ್ತೆ.”

“ಯಾರಾದ್ರೂ ಏನಾದ್ರೂ ಅಂದ್ರಾ ಸರ್?”

“ಛೆ ಛೆ, ಹಾಗೇನಿಲ್ಲಪ್ಪ.” ಮಾಲೀಕ ಕೆಮ್ಮಿದ. “ನಿಮ್ಮ ಗಂಟಲು ಯಾಕೋ ಪದೇ ಪದೇ ಕೆಡುತ್ತೆ. ಒಂದ್ಸಲ ಒಳ್ಳೆ ಡಾಕ್ಟರಿಗೆ ತೋರಿಸಬಾರದಾ? ಇವತ್ತೇ ಹೋಗಿ ಬನ್ನಿ. ಅರ್ಧ ದಿನ ರಜ ಅಂತ ಬರ್ಕೊಳ್ಳಲ್ಲ.”

ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ನೀರು ಚಿಮ್ಮಿಸುತ್ತ ಕಿರ್ರೆನ್ನುತ್ತಿತ್ತು. ಕಿಟಕಿಯಿಲ್ಲ. ಯಂತ್ರಕ್ಕೆ ಮೂಗಿಲ್ಲ. ಇಲ್ಲಿ ಎಷ್ಟು ಬೇಕಾದರೂ ಉಸಿರಾಡಬಹುದಲ್ಲ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡ. ಆದರೆ ಗೇಲಿ ಎಷ್ಟೇ ಮಾಡಿಕೊಂಡರೂ ಅವನಿಗೆ ನೋವಾಗಿತ್ತು. ಮುಖಗಳೆಂದರೆ ಅವನಿಗೆ ಪ್ರಾಣ. ಬಲಕಿವಿ ಎಡಕಿವಿಗಿಂತ ಒಂದೆಳೆ ಮೇಲಿರುವ ಮುಖ, ಮೂಗಿನ ಸೇತುವೆಯೇ ಇಲ್ಲದ ಮುಖ, ಹೊಸ ಗಾಜಿನಲ್ಲಿ ಬೀದಿಯಾಚೆಯ ಬೋರ್ಡು ಓದಿ ಬಾಯಿ ತೆರೆಯುವ ಮುಖ. ಅವುಗಳಿಂದ ಅವನನ್ನು ಎತ್ತಿ ಇಲ್ಲಿ ಕೂರಿಸಿದ್ದು ಗಂಟಲಿನ ಎರಡು ಗಡ್ಡೆಗಳು, ಟಾನ್ಸಿಲ್‌ಗಳು. ಮಫ್ಲರ್ ಎಂದು ಶಾಲೆಯಲ್ಲಿ ಅವನ ಹೆಸರು. ಸೆಕೆಯಲ್ಲೂ ಕುತ್ತಿಗೆಗೆ ಅದೊಂದು ಸುತ್ತಿ ಕಳಿಸುತ್ತಿದ್ದಳು ಅಮ್ಮ. ಜ್ವರ, ನುಂಗಲಾರದ ಗಂಟಲು, ಗದ್ದದ ಕೆಳಗೆ ಎರಡು ಗಂಟು, ಟಾರ್ಚು ಬಿಟ್ಟು ನೋಡುವ ಡಾಕ್ಟರು, ಕಹಿ ಮಾತ್ರೆ. ಎರಡು ದಿನಕ್ಕೆ ಜ್ವರ ಇಳಿದರೆ ಅಮ್ಮ ಉಳಿದ ಮಾತ್ರೆಗಳನ್ನು ಬಿಸ್ಕೆಟ್ಟಿನ ಡಬ್ಬಿಗೆ ಹಾಕಿಡುವಳು. ಜ್ವರ ಬಿಟ್ಟ ಮೇಲೂ ಮಾತ್ರೆ ನುಂಗಿಸುವುದು ಮಗುವಿನ ಹೊಟ್ಟೆಗೆ ಮಾಡುವ ದ್ರೋಹ ಎಂದು ಅವಳ ನಂಬಿಕೆ. ಮುಂದಿನ ಸಲ ಗಂಟಲು ಕೆಟ್ಟಾಗ ಡಬ್ಬಿಯಿಂದಲೇ ಎರಡು. ಆಪರೇಷನ್ ಮಾಡಿಸಿಬಿಡಿ ಎಂದು ಡಾಕ್ಟರು ಒಂದು ಸಲ ಹೇಳಿದ್ದುಂಟು. ‘ಗಂಡುಮಗುವಿನ ದನಿ ಕೀರಲಾಗಿಬಿಟ್ಟರೆ ಯಾರು ಹೊಣೆ?’ ಎಂದು ಅಮ್ಮ ಅವನ ಕೈ ಹಿಡಿದು ಎದ್ದು ಬಂದಿದ್ದಳು. ಅವನಿಗೆ ಆ ದಿನ ಎಷ್ಟು ಖುಷಿಯಾಗಿತ್ತು! ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಮಾತ್ರೆ ಉಳಿಸಿ ಎತ್ತಿಡುವ ಬುದ್ಧಿ ಮಾತ್ರ ಮಗನಲ್ಲಿ ಹಾಗೇ ಉಳಿದಿದೆ. ಯಂತ್ರದ ಕೆಳಗೆ ಗಾಜು ಸುತ್ತುತ್ತಿತ್ತು. ಅವನು ಉಗುಳು ನುಂಗಿದ. ನಾಲಗೆಯ ಬುಡದಲ್ಲಿ ಏನೋ ಕದಲಿತು.

ಅದು ಏನೆಂದು ಅವನಿಗೆ ಗೊತ್ತು. ಅಕ್ಕಿಯ ನುಚ್ಚಿನಷ್ಟು ದೊಡ್ಡದು, ಹಳದಿ ಮಿಶ್ರಿತ ಬಿಳಿ. ಮೊದಲ ಸಲ ಕಂಡಾಗ ಅನ್ನದ ಅಗುಳೆಂದುಕೊಂಡಿದ್ದ. ಬೆರಳಲ್ಲಿ ಹಿಸುಕಿ ಮೂಗಿನ ಹತ್ತಿರ ತಂದವನು ಹಾಗೇ ಬೇಸಿನ್ನಿನ ಅಂಚು ಹಿಡಿದು ನಿಂತುಬಿಟ್ಟಿದ್ದ. ಇಂಥದ್ದೊಂದು ತನ್ನ ಒಳಗೆ ಹುಟ್ಟುತ್ತದಲ್ಲ ಎಂಬ ಅಸಹ್ಯಕ್ಕಿಂತ, ಇದನ್ನು ಇಷ್ಟು ದಿನ ಎಲ್ಲರೂ ಮೂಗಿನಲ್ಲಿ ಸಹಿಸಿಕೊಂಡು ಮಾತನಾಡಿಸಿದರಲ್ಲ ಎಂಬ ನಾಚಿಕೆ ದೊಡ್ಡದಾಗಿತ್ತು. ಆಮೇಲೆ ಅದೊಂದು ಗುಟ್ಟಿನ ಕೆಲಸವೇ ಆಯಿತು. ಎಲ್ಲರಿಗಿಂತ ಮುಂಚೆ ಅಂಗಡಿ ತೆರೆದು, ದೊಡ್ಡದು ಮಾಡಿ ತೋರಿಸುವ ಕನ್ನಡಿಯ ಮುಂದೆ ಬಾಯಿ ತೆರೆದು, ಕನ್ನಡಕದ ತಿರುಪು ಬಿಗಿಯುವ ಸಣ್ಣ ಸ್ಕ್ರೂಡ್ರೈವರನ್ನು ಬಿಸಿನೀರಲ್ಲಿ ತೊಳೆದು, ಗಂಟಲ ಗಡ್ಡೆಯ ಗುಳಿಯಿಂದ ಆ ಹರಳನ್ನು ಎಬ್ಬಿಸುವುದು. ಅವನ ಕೈ ಅಷ್ಟು ನಯ. ಒಂದೆರಡು ಸಲ ರಕ್ತ ಬಂದದ್ದನ್ನು ಬಿಟ್ಟರೆ ಕೆಲಸ ಚೊಕ್ಕವಾಗಿಯೇ ನಡೆದಿತ್ತು. ಆದರೆ ಒಂದನ್ನು ತೆಗೆದರೆ ಇನ್ನೊಂದು. ಗಂಟಲೇ ಗಣಿ.

“ಏನಂದ್ರಿ? ಸ್ಕ್ರೂಡ್ರೈವರಾ?” ಎಂದರು ಡಾಕ್ಟರಮ್ಮ.

ಅವರು ಕಿವಿ, ಮೂಗು, ಗಂಟಲು ನೋಡುವ ಡಾಕ್ಟರು. ಬಿಳಿಗೂದಲನ್ನು ಗಂಡುಮಕ್ಕಳ ಹಾಗೆ ಕತ್ತರಿಸಿಕೊಂಡಿದ್ದರು. ಅವನು ಸುಳ್ಳು ಹೇಳಬಹುದಾಗಿತ್ತು. ಆದರೆ ನಾಲಗೆಯನ್ನು ಒತ್ತಿ ಹಿಡಿದು ಒಳಗೆ ದೀಪ ಬಿಟ್ಟವರ ಎದುರು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಪುಟ್ಟದು ಮೇಡಂ. ಕನ್ನಡಕದ್ದು.”

“ನಾನು ಕಿವಿಗೆ ಬಡಗಿ ಉಳಿ ಹಾಕ್ಕೊಂಡು ಬಂದವರನ್ನೂ ನೋಡಿದ್ದೀನಿ ಬಿಡಿ. ಇನ್ಮೇಲೆ ಅದನ್ನ ಕನ್ನಡಕಕ್ಕೆ ಮಾತ್ರ ಹಾಕಿ. ಗಂಟಲ ಗಡ್ಡೆ ಹಿಂದೇನೇ ದೊಡ್ಡ ರಕ್ತನಾಳ ಇದೆ.” ಅವರು ತೆಳ್ಳನೆಯ ಕ್ಯಾಮೆರಾ ಕಡ್ಡಿಯನ್ನು ಅವನ ಬಾಯೊಳಗೆ ಇಳಿಸಿ ಪರದೆಯನ್ನು ಅವನ ಕಡೆ ತಿರುಗಿಸಿದರು. “ನೋಡಿ, ನಿಮ್ಮ ಆಸ್ತಿ.”

ಕೆಂಪು, ಒದ್ದೆ, ಹೊಳೆಯುವ ಒಂದು ಗುಹೆ. ಎರಡು ಪಕ್ಕದಲ್ಲೂ ಸವೆದ ಸ್ಪಂಜಿನ ಹಾಗೆ ತೂತುತೂತಾದ ಎರಡು ಉಂಡೆಗಳು. ಅವನಿಗೆ ಹೇಸಿಗೆಯಾಗಬೇಕಿತ್ತು. ಆದರೆ ಮೊದಲು ಹೊಳೆದದ್ದು ಚಿತ್ರ ಎಷ್ಟು ಸ್ಪಷ್ಟವಾಗಿದೆ, ಒಳ್ಳೆಯ ಲೆನ್ಸು ಎಂದು. ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಇವು ಬಾಗಿಲ ಕಾವಲಿನವರು; ಚಿಕ್ಕಂದಿನಲ್ಲಿ ಒಳಗೆ ಬರುವ ಕ್ರಿಮಿಗಳನ್ನು ಗುರುತು ಹಿಡಿಯುವ ಕೆಲಸ ಇವರದು. ಸಲಸಲವೂ ಸೋಂಕು ತಗಲಿ, ಪೂರ್ತಿ ವಾಸಿಯಾಗದೆ, ಮತ್ತೆ ತಗಲಿ, ಈ ಗುಳಿಗಳು ಆಳವಾಗಿವೆ. ತಿಂದ ಅನ್ನದ ಚೂರು, ಸತ್ತ ಜೀವಕೋಶ, ಕ್ರಿಮಿ ಎಲ್ಲ ಇಲ್ಲಿ ಸೇರಿ ಕೊಳೆತು ಗಟ್ಟಿಯಾಗುತ್ತದೆ. ವಾಸನೆ ಅದರದ್ದು. ಹಲ್ಲು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿ, ನೀರು ಚೆನ್ನಾಗಿ ಕುಡಿದು, ನಾಲಗೆ ಶುದ್ಧವಾಗಿಟ್ಟುಕೊಂಡರೆ ಎಷ್ಟೋ ಜನಕ್ಕೆ ಸಾಕು. ಕೊಟ್ಟ ಮಾತ್ರೆಯನ್ನು ಕೊಟ್ಟಷ್ಟು ದಿನ ತೆಗೆದುಕೊಳ್ಳಬೇಕು, ಉಳಿಸಿ ಡಬ್ಬಿಗೆ ಹಾಕುವುದಲ್ಲ.

ಡಬ್ಬಿಯ ಮಾತು ಇವರಿಗೆ ಹೇಗೆ ಗೊತ್ತಾಯಿತೆಂದು ಅವನು ಬೆಚ್ಚಿದ. ಎಲ್ಲರ ಮನೆಯಲ್ಲೂ ಒಂದು ಡಬ್ಬಿ ಇರುತ್ತದೆಂದು ಅವನಿಗೆ ತಿಳಿದಿರಲಿಲ್ಲ.

“ಆದರೆ ನಿಮ್ಮದು ಮುಕ್ಕಳಿಸಿ ಹೋಗೋ ಹಂತ ದಾಟಿದೆ. ವರ್ಷದಲ್ಲಿ ಇಷ್ಟು ಸಲ ಜ್ವರ ಬಂದು ಮಲಗ್ತೀರಿ, ಮೇಲೆ ಇದು ಬೇರೆ. ತೆಗೆಸಿಬಿಡೋದು ಒಳ್ಳೇದು. ಈಗಿನ ಸೋಂಕು ಇಳೀಲಿ, ಆಮೇಲೆ ಮಾಡೋಣ. ದೊಡ್ಡವರಿಗೆ ನೋವು ಜಾಸ್ತಿ, ಮುಚ್ಚುಮರೆ ಮಾಡಲ್ಲ. ಎರಡು ವಾರ ನನ್ನನ್ನ ಬೈಕೊಂಡೇ ಇರ್ತೀರಿ.”

“ದನಿ ಕೀರಲಾಗುತ್ತಾ ಮೇಡಂ?” ಎಂದು ಕೇಳಿದವನು ತಾನೋ ತನ್ನ ಅಮ್ಮನೋ ಎಂದು ಒಂದು ಕ್ಷಣ ಅವನಿಗೇ ತಿಳಿಯಲಿಲ್ಲ.

“ಇಲ್ಲ. ಹಾಡೋಕೆ ಬರದೇ ಇದ್ರೆ ಆಮೇಲೂ ಬರಲ್ಲ.” ಅವರು ನಕ್ಕರು. ಬರೆಯುತ್ತಲೇ, ತಲೆಯೆತ್ತದೆ, ಮಾತಿಗೆ ಮಾತು ಸೇರಿಸಿದ ಹಾಗೆ ಕೇಳಿದರು: “ಇಷ್ಟು ವರ್ಷ ಮನೆಯವರು ಏನೂ ಹೇಳಲಿಲ್ವಾ?”

“ಇಲ್ಲ ಮೇಡಂ.”

“ಏನೂ?”

“ಏನೂ ಇಲ್ಲ.”

ಹೊರಗೆ ಸಂಜೆಯ ಬಿಸಿಲು ಎದುರುಗಡೆ ಕಟ್ಟಡಗಳ ಮೇಲಿನ ಅಂತಸ್ತನ್ನಷ್ಟೇ ಮುಟ್ಟುತ್ತಿತ್ತು. ಬಸ್ಸು ಹಿಡಿಯದೆ ನಡೆದೇ ಹೊರಟ. ಏನೂ ಹೇಳಲಿಲ್ಲ. ಆದರೆ ಹೇಳದೆಯೇ ಹೆಂಡತಿ ಎಷ್ಟೊಂದು ಹೇಳಿದ್ದಳು! ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಯಾವಾಗಿನಿಂದ ಎಂದು ನೆನಪಿಲ್ಲ. ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದು, ಮಾತು ಕಡಿಮೆಯಾಗಿ, ಅದು ಎದ್ದು ಕಾಣತೊಡಗಿತ್ತು. ಅವನು ಮಾತನಾಡಿಸುತ್ತ ಹತ್ತಿರ ಹೋದರೆ ಅವಳಿಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಆಫೀಸಿನಿಂದ ಬಂದವಳು ಸ್ನಾನದ ಮನೆ ಹೊಕ್ಕರೆ ಹೊರಗೆ ಬರಲು ಬಹಳ ಹೊತ್ತು. ಬೆಳಿಗ್ಗೆ ಒಂದು ಸ್ನಾನ ಆಗಿರುತ್ತದೆ, ಮತ್ತೆ ಇದೇನು? ಆಮೇಲೆ ಲವಂಗ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಒಂದು ದಿನ ಪುಟ್ಟ ಡಬ್ಬಿಯಲ್ಲಿ ಲವಂಗ ಬಂದು ಕೂತಿತ್ತು. ಅವನಿಗೆ ತಟ್ಟನೆ ಅರ್ಥವಾಗಿತ್ತು. ಇದು ನನಗೆ ಹೇಳಿದ್ದು. ಬಾಯಿ ಬಿಟ್ಟು ಹೇಳಲಾರದೆ ಡಬ್ಬಿ ಇಟ್ಟಿದ್ದಾಳೆ. ಅವನು ಅದರಿಂದ ಒಂದೂ ತೆಗೆದುಕೊಳ್ಳಲಿಲ್ಲ, ಬೇಕೆಂದೇ. ತೆಗೆದುಕೊಂಡರೆ ಒಪ್ಪಿಕೊಂಡ ಹಾಗೆ. ಸಿಟ್ಟಿಗೆ ತಾನೂ ತನ್ನ ದಿಂಬನ್ನು ಮಂಚದ ಅಂಚಿಗೆ ಎಳೆದುಕೊಂಡಿದ್ದ. ಒಂದು ಸಲ ಊಟದ ಮಧ್ಯೆ ‘ನೀನು ಕಲ್ಲು’ ಎಂದಿದ್ದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಅವಳ ಕೆಲಸ ನೀರು ಸರಬರಾಜಿನ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಫೋನಿನ ಮುಂದೆ. ನಲ್ಲಿಯಲ್ಲಿ ನೀರಿಲ್ಲ, ನೀರಲ್ಲಿ ಮಣ್ಣು, ಪೈಪು ಒಡೆದಿದೆ ಎಂದು ಇಡೀ ಊರು ಅವಳ ಕಿವಿಗೆ ಬೈಯುತ್ತದೆ. ಊರಿನ ದೂರನ್ನೆಲ್ಲ ಕೇಳುವ ಹೆಂಗಸು ತನ್ನದೆಂದು ಒಂದು ದೂರನ್ನೂ ಹೇಳಿದವಳಲ್ಲ. ಇವತ್ತು, ನಡೆಯುತ್ತ ನಡೆಯುತ್ತ, ಅದನ್ನೆಲ್ಲ ಬೇರೆ ರೀತಿಯಲ್ಲಿ ನೋಡಲು ಬರುತ್ತಿತ್ತು. ಅವಳಿಗೆ ನಾನು ಬೇಡವಾಗಿರಲಿಲ್ಲ. ಬೇಡವಾಗಿದ್ದು ಈ ಹರಳು. ಹರಳು ಹೋದರೆ ಅವಳು ಈ ಕಡೆ ತಿರುಗುತ್ತಾಳೆ. ಇಷ್ಟೇ! ಇದ್ದಕ್ಕಿದ್ದ ಹಾಗೆ ಅವನಿಗೆ ಜ್ವರದಲ್ಲೂ ಮೈ ಹಗುರವಾಯಿತು. ಎಷ್ಟು ನೋವಾದರೂ ಸರಿ, ಮಾಡಿಸಿಬಿಡುವುದು. ಅವಳನ್ನು ವಾಪಸು ಪಡೆಯಲು ಎರಡು ವಾರದ ನೋವು ಏನು ಮಹಾ ಎಂದುಕೊಂಡು ಅವನು ರಸ್ತೆ ದಾಟಿದ.

ಅವಳು ಅಡುಗೆಮನೆಯ ಮೇಜಿನ ಮುಂದೆ ಬೀನ್ಸ್ ಬಿಡಿಸುತ್ತಿದ್ದಳು. ಕೂದಲು ಒದ್ದೆಯಾಗಿತ್ತು. ಅವನು ಎದುರಿನ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದ. ಹಿಂದಿನ ಕೋಣೆಗೆ ಹಾಕಿದ್ದನ್ನು ಮಾತ್ರ ಹೇಳಲಿಲ್ಲ. ಆಮೇಲೆ ಅದನ್ನೂ ಹೇಳಿದ. ಅವಳು ಕೈ ನಿಲ್ಲಿಸದೆ, ನಡುನಡುವೆ ‘ಹೂಂ’ ಎನ್ನುತ್ತ, ಫೋನಿನ ಆ ತುದಿಯ ಯಾರದೋ ವಿಳಾಸ ಬರೆದುಕೊಳ್ಳುವವಳ ಹಾಗೆ ಕೇಳಿದಳು.

“ಮಾಡ್ಸಿ. ರಜ ಹಾಕ್ತೀನಿ ನಾನು.”

ಅಲ್ಲಿಗೆ ಎದ್ದಿದ್ದರೆ ಆಗುತ್ತಿತ್ತು. ಆದರೆ ಅವನ ಒಳಗಿನ ಹಗುರ ಸುಮ್ಮನಿರಗೊಡಲಿಲ್ಲ. ಕ್ಷಮಿಸಿದ್ದೇನೆ ಎಂದು ಅವಳಿಗೆ ತಿಳಿಸಬೇಕಿತ್ತು.

“ಒಂದು ಮಾತು. ನೀನು ಬಾಯಿಬಿಟ್ಟು ಹೇಳಬಹುದಾಗಿತ್ತು. ನಾನೇನು ಬೇಜಾರು ಮಾಡ್ಕೊಳ್ತಿರಲಿಲ್ಲ.”

“ಏನು ಹೇಳೋದು?”

“ವಾಸನೆ ವಿಷಯ.”

“ಅದಾ?” ಅವಳು ಒಂದು ಬೀನ್ಸ್ ಮುರಿದಳು. “ಒಂದೊಂದು ದಿನ ಬರ್ತಿತ್ತು. ಗಂಟಲು ಕೆಟ್ಟಾಗ. ಹುಷಾರಿಲ್ಲದವರ ಹತ್ರ ವಾಸನೆ ಬರದೆ ಇನ್ನೇನು ಮಲ್ಲಿಗೆ ಘಮ ಬರುತ್ತಾ? ಅದಕ್ಕೇನೀಗ?”

“ಅದಕ್ಕೇ ಅಲ್ವಾ ನೀನು ಗೋಡೆ ಕಡೆ ತಿರುಗಿ ಮಲಗೋದು?”

ಅವಳ ಕೈ ನಿಂತಿತು. ಮುಖ ಎತ್ತಿ ಅವನನ್ನು ನೋಡಿದಳು. ಕನ್ನಡಕದ ಹಿಂದೆ ಅವಳ ಕಣ್ಣು ಇರುವುದಕ್ಕಿಂತ ಯಾವಾಗಲೂ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಆ ಗಾಜನ್ನು ಅವನೇ ಮಾಡಿದ್ದು.

“ನಾನಾ? ಮೊದಲು ತಿರುಗಿದ್ದು ನಾನಾ?”

“ಮತ್ತೆ?”

“ರೀ, ನಾನು ಹತ್ರ ಬಂದ್ರೆ ನೀವು ಉಸಿರು ಕಟ್ಟಿಕೊಳ್ತೀರಿ.”

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನುವ ಮೊದಲೇ ಅರ್ಥವಾಗತೊಡಗಿತ್ತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ಕಾಲ ಒಳಗೇ ಇಟ್ಟುಕೊಂಡು ಹಳತಾದ ವಿಷಯವನ್ನು ಹೇಳುವ ಹಾಗೆ ಹೇಳಿದಳು.

“ನನ್ನ ಕನ್ನಡಕ ಹಾಕಿಸೋಕೆ ನಿಮ್ಮ ಅಂಗಡಿಗೆ ಬಂದಿದ್ನಲ್ಲ, ಅವತ್ತೇ ನೋಡಿದೆ. ಮುಖ ಹತ್ರ ತಂದ್ರಿ, ಉಸಿರು ನಿಲ್ಲಿಸಿದ್ರಿ. ಕಡ್ಡಿ ಹಾಕಿ ಆ ಕಡೆ ತಿರುಗಿ ಉಸ್ಸಂತ ಬಿಟ್ರಿ. ಮನೆಗೆ ಬಂದ ಮೇಲೂ ಅದೇ. ಮಲಗಿದಾಗ್ಲೂ ಅದೇ. ನಾನು ಈ ಕಡೆ ತಿರುಗಿದ್ರೆ ನಿಮ್ಮ ಎದೆ ಏಳ್ತಾನೇ ಇರ್ಲಿಲ್ಲ. ಬೆಳಿಗ್ಗೆಯಿಂದ ಸಂಜೆತನಕ ಬೈಸಿಕೊಂಡು ಬೆವರಿ ಬಂದಿರ್ತೀನಿ, ನನ್ನ ಮೈಯೇ ನಾರುತ್ತೇನೋ ಅಂದ್ಕೊಂಡೆ. ಸಂಜೆ ಇನ್ನೊಂದ್ಸಲ ಸ್ನಾನ ಶುರು ಮಾಡಿದೆ. ಬಾಯೇನೋ ಅಂತ ಲವಂಗ ಹಾಕ್ಕೊಂಡೆ. ಊಹೂಂ. ಪಾಪ, ಎಷ್ಟು ಹೊತ್ತು ಕಟ್ಟಿಕೊಂಡಿರ್ತಾರೆ ಉಸಿರು ಅಂತ, ನಾನೇ ಆ ಕಡೆ ತಿರುಗಿದೆ. ನಾನು ತಿರುಗಿದ ತಕ್ಷಣ ನೀವು ಉಸಿರಾಡ್ತಿದ್ರಿ. ಕೇಳಿಸ್ತಿತ್ತು.”

ಮೇಜಿನ ಮೇಲೆ ಬೀನ್ಸಿನ ನಾರು ಒಂದು ಕಡೆ, ಕಾಯಿ ಒಂದು ಕಡೆ. ಅವನು ನಾರನ್ನೇ ನೋಡುತ್ತ ಕೂತ. ಕೆಲಸದ ಬಟ್ಟೆಯನ್ನು ಅಂಗಡಿಯಲ್ಲೇ ಬಿಚ್ಚಿಟ್ಟು ಬರುತ್ತಿದ್ದ. ಇದೊಂದನ್ನು ಬಿಚ್ಚಿಡಬೇಕೆಂದು, ಇದು ತನ್ನ ಜೊತೆ ಮನೆಗೆ ಬಂದು ಹಾಸಿಗೆ ಏರಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಒದ್ದೆ ಕೂದಲಿನ ಈ ಹೆಂಗಸು ಪ್ರತಿ ಸಂಜೆ ಮೈ ತಿಕ್ಕಿಕೊಂಡಳಲ್ಲ, ಇಲ್ಲದ ವಾಸನೆಯನ್ನು ತೊಳೆದುಕೊಂಡಳಲ್ಲ! ತಾನು ಅವಳಿಗೆ ಕಲ್ಲು ಎಂದಿದ್ದ. ಕ್ಷಮಿಸಲು ಬಂದು ಕೂತಿದ್ದ ಮನುಷ್ಯನಿಗೆ ಈಗ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನಾಚಿಕೆ ಎಂದರೆ ಇದು. ಹೆಡ್‌ಮಿಸ್ಸಿನ ಕರ್ಚೀಫು ಇದರ ಮುಂದೆ ಏನೂ ಅಲ್ಲ.

“ನಿನ್ನಿಂದಲ್ಲ” ಎಂದ. “ನನ್ನ ವಾಸನೆ ನಿನಗೆ ಬರಬಾರದು ಅಂತ. ಅಭ್ಯಾಸ ಆಗಿಬಿಟ್ಟಿದೆ. ಗಿರಾಕಿಗಳ ಹತ್ರ ಮಾಡಿ ಮಾಡಿ.”

“ನಾನು ಗಿರಾಕಿಯಾ?”

ಅವಳು ಎದ್ದು ಬೀನ್ಸ್ ತೊಳೆಯಲು ಹೋದಳು. ನಲ್ಲಿಯ ಸದ್ದಿನಲ್ಲಿ ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಅವನು ಎದ್ದು ಅವಳ ಹಿಂದೆ ಹೋಗಿ ನಿಂತ. ಅವಳು ತಿರುಗಿದಳು. ಮುಖ ಗೇಣು ದೂರದಲ್ಲಿತ್ತು. ಈಗಲಾದರೂ, ಎಂದುಕೊಂಡ. ಎದೆ ನಿಂತುಬಿಟ್ಟಿತು. ಎಷ್ಟು ಪ್ರಯತ್ನಪಟ್ಟರೂ ಏಳಲಿಲ್ಲ. ಗೊತ್ತಿದ್ದೂ, ಬೇಕೆಂದೂ, ಆಗಲಿಲ್ಲ. ಅವಳು ನೋಡಿದಳು. ಒದ್ದೆ ಕೈಯಲ್ಲಿ ಅವನ ತೋಳನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ ಒಲೆಯ ಕಡೆ ಹೋದಳು. “ಇರ್ಲಿ ಬಿಡಿ. ಮೊದಲು ಗಂಟಲು ನೋಡ್ಕೊಳ್ಳಿ” ಎಂದಳು.

ಆಪರೇಷನ್ ಆದದ್ದು ಮುಂದಿನ ತಿಂಗಳು. ಈ ಸಲ ಮಾತ್ರೆಗಳನ್ನು ಒಂದೂ ಉಳಿಸದೆ ಮುಗಿಸಿದ್ದ. ಅವಳು ಎಣಿಸಿ ಕೈಗೆ ಕೊಟ್ಟಿದ್ದಳು. ಆ ನಡುವಿನ ದಿನಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತುಂಬ ಮರ್ಯಾದೆಯಿಂದ ನಡೆದುಕೊಂಡರು, ಹೊಸದಾಗಿ ಪರಿಚಯವಾದವರ ಹಾಗೆ. ಅವಳು ಸಂಜೆಯ ಸ್ನಾನ ಬಿಟ್ಟಳು. ಆದರೆ ಮಲಗುವಾಗ ಗೋಡೆಯ ಕಡೆಗೇ ತಿರುಗುತ್ತಿದ್ದಳು. ಹೇಳಿದ ಮಾತಿಗೆ ದೇಹ ಒಪ್ಪಬೇಕಲ್ಲ, ಇಬ್ಬರದೂ. ಅವನಿಗೆ ಒಂದೇ ಭಯ. ಗಡ್ಡೆ ಹೋಗುತ್ತದೆ, ವಾಸನೆ ಹೋಗುತ್ತದೆ, ಉಸಿರು ಮಾತ್ರ ಹೀಗೇ ಉಳಿದುಬಿಟ್ಟರೆ? ಅದನ್ನು ಕತ್ತರಿಸಿ ತೆಗೆಯುವ ಡಾಕ್ಟರು ಯಾರಿದ್ದಾರೆ? ಬಿಳಿ ದೀಪದ ಕೆಳಗೆ ಮಲಗಿದಾಗಲೂ ಯಾರೋ ಮುಖದ ಮೇಲೆ ಮಾಸ್ಕ್ ಹಿಡಿದು ‘ಉಸಿರು ಎಳ್ಕೊಳ್ಳಿ, ಎಳ್ಕೊಳ್ಳಿ’ ಎನ್ನುತ್ತಿದ್ದರು. ಅಷ್ಟು ಹತ್ತಿರ ಬಂದ ಆ ಮುಖಕ್ಕೆ ಹೆದರಿ ಅವನು ಉಸಿರು ಹಿಡಿದೇ ಇದ್ದ, ನಿದ್ದೆ ತಾನಾಗಿ ಬಂದು ಬಿಡಿಸುವವರೆಗೆ.

ನೋವಿನ ವಿಷಯದಲ್ಲಿ ಡಾಕ್ಟರಮ್ಮ ಸುಳ್ಳು ಹೇಳಿರಲಿಲ್ಲ. ಒಂದು ಗುಟುಕು ನೀರು ಇಳಿಸುವುದೇ ಒಂದು ಯುದ್ಧ. ಕಿವಿಯೊಳಗೆ ಚೂರಿ ಆಡಿದ ಹಾಗಾಗುತ್ತಿತ್ತು. ಕಿವಿಗೇನೂ ಆಗಿಲ್ಲ, ಗಂಟಲಿನ ನೋವೇ ಅಲ್ಲಿ ಕಾಣಿಸಿಕೊಳ್ಳುತ್ತದೆ, ನೋವಿಗೆ ಹೆದರಿ ನೀರು ಬಿಡಬೇಡಿ ಎಂದಿದ್ದರು. ತಣ್ಣನೆ ನೀರು, ತಣ್ಣನೆ ಗಂಜಿ, ಹೊತ್ತುಹೊತ್ತಿಗೆ ಮಾತ್ರೆ. ಮಾತಂತೂ ಇಲ್ಲವೇ ಇಲ್ಲ. ಗಡ್ಡೆಗಳಿದ್ದ ಜಾಗದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ, ಅದು ಕೀವಲ್ಲ, ಹೆದರಬೇಡಿ ಎಂದು ಅವಳಿಗೆ ಹೇಳಿ ಕಳಿಸಿದ್ದರು. ಅದು ಕಳಚುವ ದಿನಗಳಲ್ಲಿ ಜೋಪಾನ. ದಿನಾ ಟಾರ್ಚು ಬಿಟ್ಟು ನೋಡಿ, ಹಸಿ ಕೆಂಪು ಕಂಡರೆ, ಉಗುಳಿದ್ದರಲ್ಲಿ ರಕ್ತ ಕಂಡರೆ, ಯೋಚನೆ ಮಾಡುತ್ತ ಕೂರದೆ ಕರೆದುಕೊಂಡು ಬನ್ನಿ. ಇನ್ನೊಂದು ಮಾತನ್ನೂ ಹೇಳಿದ್ದರು: ಈ ದಿನಗಳಲ್ಲಿ ಬಾಯಿ ಹಿಂದೆಂದಿಗಿಂತ ಹೆಚ್ಚು ವಾಸನೆ ಬರುತ್ತದೆ, ಆಮೇಲೆ ಹೋಗುತ್ತದೆ.

ಅದು ನಿಜವೆಂದು ಅವನಿಗೆ ಗೊತ್ತಾದದ್ದು ವಾರ ತುಂಬಿದ ಒಂದು ಬೆಳಿಗ್ಗೆ. ಎಚ್ಚರವಾದಾಗ ಬಾಯೊಳಗೆ ಏನೋ ಸತ್ತ ಹಾಗಿತ್ತು. ಹಳೆಯ ಹರಳು ಇದರ ಮುಂದೆ ಹೂವು. ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಲು ನೋಡಿದ. ಅಷ್ಟರಲ್ಲಿ ಅವಳು ಕಿಟಕಿಯ ಪರದೆ ಸರಿಸಿ, ಟಾರ್ಚು ಹಿಡಿದುಕೊಂಡು ಬಂದು ಮಂಚದ ಮೇಲೆ ಕೂತಳು.

“ತೆಗೀರಿ ಬಾಯಿ.”

ಅವನು ತಲೆ ಆಡಿಸಿದ. ಬೇಡ ಎಂದು ಕೈ ಮಾಡಿದ. ಹೇಳಲು ದನಿಯಿಲ್ಲ.

“ಪೊರೆ ಕಳಚೋ ದಿನ ಇದು. ನೋಡ್ಲೇಬೇಕು. ತೆಗೀರಿ ಸುಮ್ನೆ.”

ಬಾಯಿ ತೆರೆದ. ಅವಳು ಬಗ್ಗಿದಳು. ಗೇಣು ದೂರ. ಅದಕ್ಕಿಂತ ಹತ್ತಿರ. ಕನ್ನಡಕದ ಎಡಗಡೆಯ ಕಡ್ಡಿ ಸ್ವಲ್ಪ ಸಡಿಲವಾಗಿದೆ, ಬಿಗಿಸಬೇಕು ಎಂದು ಅವನ ಕಣ್ಣು ತನ್ನ ಪಾಡಿಗೆ ಕೆಲಸ ಮಾಡಿತು. ಎದೆಯೂ ತನ್ನ ಪಾಡಿಗೆ ನಿಂತಿತು. ಟಾರ್ಚಿನ ಬೆಳಕು ಗಂಟಲಲ್ಲಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅವಳು ಹುಬ್ಬು ಗಂಟಿಕ್ಕಿ, ಊರಿನ ಯಾವುದೋ ಒಡೆದ ಪೈಪು ಹುಡುಕುವವಳ ಹಾಗೆ ನೋಡಿದಳು. ಆಮೇಲೆ ಟಾರ್ಚು ಆರಿಸಿದಳು. ಆದರೆ ಮುಖ ಎತ್ತಲಿಲ್ಲ.

“ರಕ್ತ ಇಲ್ಲ. ಚೆನ್ನಾಗಿದೆ. ಇನ್ನು ಉಸಿರು ಬಿಡಿ.”

ಅವನು ಕಣ್ಣಲ್ಲೇ ಬೇಡಿಕೊಂಡ. ಆಚೆ ಸರಿದುಬಿಡು. ದಯವಿಟ್ಟು. ಇವತ್ತು ಬೇಡ, ವಾಸಿಯಾದ ಮೇಲೆ, ಒಳ್ಳೆಯ ದಿನ. ಅವಳು ಕಾಯುತ್ತಿದ್ದಳು. ಫೋನಿನ ಆ ತುದಿಯವರು ಮಾತು ಮುಗಿಸುವವರೆಗೆ ಕಾದು ಅಭ್ಯಾಸವಿದ್ದವಳು, ಅವಳಿಗೆ ಅವಸರವಿರಲಿಲ್ಲ. ಅವನ ಕಿವಿಯೊಳಗೆ ರಕ್ತ ಬಡಿಯತೊಡಗಿತು. ಕಣ್ಣಲ್ಲಿ ನೀರು ಬಂತು. ಎದೆ ಒಡೆಯುತ್ತದೆ ಎನ್ನಿಸಿದ ಗಳಿಗೆಯಲ್ಲಿ, ಬೇಕೆಂದಲ್ಲ, ಇನ್ನು ತಾಳಲಾರದೆ, ಬಿಟ್ಟುಬಿಟ್ಟ. ಒಳಗೆ ಇದ್ದದ್ದೆಲ್ಲ, ಎಲ್ಲ ವಾಸನೆಯೊಂದಿಗೆ, ಅವಳ ಮುಖಕ್ಕೆ.

ಅವಳ ಕನ್ನಡಕದ ಎರಡೂ ಗಾಜು ಮಂಜಾಯಿತು.

“ಅಯ್ಯೋ, ಏನೂ ಕಾಣಿಸ್ತಿಲ್ಲ” ಎಂದಳು ಅವಳು. ಒರೆಸಿಕೊಳ್ಳಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ.